ಬಲಗಾಲಿನ ಸಮಾಚಾರ

ಮನುಷ್ಯನಿಗೆ ತನ್ನ ಮೈಯಲ್ಲಿ ಎಲ್ಲಕ್ಕಿಂತ ಕಡಿಮೆ ಪರಿಚಯ ಇರುವ ಭಾಗ ಯಾವುದು ಎಂದು ಯಾರಾದರೂ ಕೇಳಿದರೆ, ಅಂಗಾಲು ಎಂದು ನಾನು ತಕ್ಷಣ ಹೇಳಿಬಿಡುತ್ತೇನೆ. ಮುಖವನ್ನು ಬೇಕೆಂದಾಗಲೆಲ್ಲ ಕನ್ನಡಿಯಲ್ಲಿ ನೋಡಿಕೊಳ್ಳುತ್ತೇವೆ. ಹೊಟ್ಟೆಯನ್ನು ನೋಡುವುದು ಬೇಡ ಎಂದುಕೊಂಡರೂ ಅದೇ ಮುಂದೆ ಬಂದು ನಿಲ್ಲುತ್ತದೆ. ಬೆನ್ನಾದರೂ ದರ್ಜಿ ಅಳತೆ ತೆಗೆಯುವಾಗ ಒಮ್ಮೆ ನೆನಪಾಗುತ್ತದೆ. ಅಂಗಾಲು ಮಾತ್ರ ನೆಲಕ್ಕೆ ಮುಖ ಹಾಕಿಕೊಂಡು, ಮೇಲಿನವರ ಭಾರವನ್ನೆಲ್ಲ ಹೊತ್ತುಕೊಂಡು, ಒಂದು ಮಾತೂ ಆಡದೆ ಬದುಕುತ್ತದೆ. ನನ್ನ ಮಟ್ಟಿಗೆ ಇದು ಇನ್ನಷ್ಟು ವಿಚಿತ್ರ. ಏಕೆಂದರೆ ನನ್ನ ಹೊಟ್ಟೆಪಾಡು ನಡೆಯುವುದೇ ಕಾಲಿನಿಂದ. ನಾನು ಪುತ್ತೂರಿನಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡವನು. ಕಲಿಯುವವರ ಕಾರಿನಲ್ಲಿ ಪಕ್ಕದ ಸೀಟಿನ ಬುಡದಲ್ಲಿ ಇನ್ನೊಂದು ಬ್ರೇಕ್ ಇರುತ್ತದೆ. ಕಲಿಯುವವರು ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದಾಗ ಆ ಕಾರು, ಅದರಲ್ಲಿರುವವರು, ಎದುರಿನ ತೆಂಗಿನ ಮರ, ಎಲ್ಲವನ್ನೂ ಉಳಿಸಬೇಕಾದದ್ದು ನನ್ನ ಬಲಗಾಲು. ಅದಕ್ಕೆ ನಾನು ಕೊಟ್ಟ ಮರ್ಯಾದೆ ಎಂದರೆ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ. ಅದೂ ಕಾಲಿನ ಮೇಲಿನ ಪ್ರೀತಿಯಿಂದಲ್ಲ, ಬಿಳಿ ಶೂ ಹಾಕಿದ ಮಾಷ್ಟ್ರು ಸ್ವಲ್ಪ ಗತ್ತಿನವರ ಹಾಗೆ ಕಾಣುತ್ತಾರೆ ಎಂದು.

ಸಕ್ಕರೆ ಕಾಯಿಲೆ ನನಗೆ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮ ಕಡೆ ಅದನ್ನು ಯಾರೂ ಕಾಯಿಲೆ ಎಂದು ಹೇಳುವುದಿಲ್ಲ. "ಶುಗರ್ ಉಂಟು" ಎನ್ನುತ್ತಾರೆ, ಮನೆಯಲ್ಲಿ ಫ್ರಿಜ್ ಉಂಟು ಎಂದ ಹಾಗೆ. ಅದು ಬಾಯಿಗೆ ಮಾತ್ರ ಸಂಬಂಧಪಟ್ಟದ್ದು ಎಂಬುದು ನನ್ನ ತಿಳಿವಳಿಕೆಯಾಗಿತ್ತು. ಚಹಾಕ್ಕೆ ಸಕ್ಕರೆ ಬಿಟ್ಟಿದ್ದೆ. ಮದುವೆ ಊಟದಲ್ಲಿ ಹೋಳಿಗೆ ತಂದವನಿಗೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದೆ. ಅವನು ಸ್ವಲ್ಪ ಒತ್ತಾಯ ಮಾಡಿದರೆ ಅಂಗೈ ತೆಗೆಯುತ್ತಿದ್ದೆ. ಮಾತ್ರೆ ತಪ್ಪಿಸುತ್ತಿರಲಿಲ್ಲ. ನಡುವೆ ಸ್ವಲ್ಪ ಕಾಲ ಪಾದಗಳು ಜುಮ್ ಎನ್ನುತ್ತಿದ್ದವು, ಇರುವೆ ಹರಿದ ಹಾಗೆ ಆಗುತ್ತಿತ್ತು. ಆಮೇಲೆ ಅದೂ ನಿಂತಿತು. ನಿಂತದ್ದನ್ನು ನಾನು ಗುಣವಾಯಿತು ಎಂದು ತಿಳಿದುಕೊಂಡು, ಹೆಂಡತಿಯ ಹತ್ತಿರ ಮಾತ್ರೆಯನ್ನು ಹೊಗಳಿದ್ದೆ.

ಹಾಗಿರುವಾಗ ನಮ್ಮಲ್ಲಿಗೆ ಕಾರು ಕಲಿಯಲು ಲೀಲಮ್ಮ ಸಿಸ್ಟರ್ ಬಂದರು. ಅವರು ನೆಲ್ಯಾಡಿಯವರು, ಆಸ್ಪತ್ರೆಯಲ್ಲಿ ಜೀವಮಾನವಿಡೀ ನರ್ಸ್ ಆಗಿ ದುಡಿದು ನಿವೃತ್ತರಾದವರು. ಅವರ ಹಿರಿಯರು ಕೇರಳದಿಂದ ಬಂದು ಅಲ್ಲಿ ರಬ್ಬರ್ ಹಾಕಿದವರಂತೆ. ಅವರ ಕನ್ನಡದಲ್ಲಿ ಈಗಲೂ ಮಲಯಾಳದ ಸಣ್ಣ ರಾಗ ಉಂಟು. ಗಂಡನ ಕಣ್ಣು ಮಂಜಾದ ಮೇಲೆ ಮನೆಯ ಕಾರು ಶೆಡ್ಡಿನಲ್ಲೇ ನಿಂತುಬಿಟ್ಟಿತ್ತು. ಎಲ್ಲದಕ್ಕೂ ಬೇರೆಯವರನ್ನು ಕರೆಯುವುದು ಅವರಿಗೆ ಸರಿಬರಲಿಲ್ಲ, ಈ ಪ್ರಾಯದಲ್ಲಿ ತಾನೇ ಕಲಿಯುತ್ತೇನೆ ಎಂದು ಹೊರಟರು. ಧೈರ್ಯಕ್ಕೆ ಏನೂ ಕೊರತೆ ಇರಲಿಲ್ಲ. ಇದ್ದದ್ದು ಒಂದೇ ತೊಂದರೆ. ಕ್ಲಚ್ಚನ್ನೋ ಬ್ರೇಕನ್ನೋ ಒತ್ತಬೇಕಾದಾಗ ಅವರು ರಸ್ತೆ ಬಿಟ್ಟು ತಲೆ ಬಗ್ಗಿಸಿ ಕಾಲಿನ ಬುಡ ನೋಡುತ್ತಿದ್ದರು. ಕಾಲು ನೋಡಬೇಡಿ ಸಿಸ್ಟರ್, ಕಾಲಿಗೆ ಅದರ ಜಾಗ ತಾನಾಗಿ ಗೊತ್ತಾಗ್ತದೆ, ಎದುರು ನೋಡಿ ಎಂದು ನಾನು ಹೇಳಿ ಹೇಳಿ ಸೋತಿದ್ದೆ. ನೋಡದೆ ಇಂಜೆಕ್ಷನ್ ಕೊಡುವವರು ಉಂಟಾ ಎಂದು ಅವರು ಕೇಳುತ್ತಿದ್ದರು.

ಒಂದು ದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಕಪಾಟಿನ ಕೀ ಕಾಣೆಯಾಯಿತು. ಆ ದಿನ ಸುಳ್ಯದಲ್ಲಿ ನನ್ನ ಹೆಂಡತಿ ಸುಮತಿಯ ಅಣ್ಣನ ಮಗಳ ಮದುವೆ. ಅವಳ ಚಿನ್ನದ ಸರ, ತಿಂಗಳ ಹಿಂದೆಯೇ ಆರಿಸಿಟ್ಟ ಸೀರೆ, ಎಲ್ಲ ಕಪಾಟಿನ ಒಳಗೆ. ಕೀ ಬಾಗಿಲ ಹತ್ತಿರದ ಗೋಡೆಯ ಮೊಳೆಯಲ್ಲಿ ಇರುತ್ತಿತ್ತು, ಈಗ ಬರೇ ಮೊಳೆ ಇತ್ತು. ನಾನು ಆಗಲೇ ಶೂ ಹಾಕಿ ಹೊರಟಿದ್ದೆ. ಶೂ ಹಾಕಿದವನು ಒಳಗೆ ಬರುವ ಹಾಗಿಲ್ಲ, ಆದ್ದರಿಂದ ಒಳಗಿನ ಹುಡುಕಾಟ ಅವಳದು, ಹೊರಗಿನದು ನನ್ನದು ಎಂದಾಯಿತು. ಕಾರಿನ ಮ್ಯಾಟ್ ಎತ್ತಿ ನೋಡಿದೆ, ಸ್ಕೂಟರಿನ ಡಿಕ್ಕಿ ನೋಡಿದೆ, ಬಟ್ಟೆ ಒಗೆಯುವ ಕಲ್ಲಿನ ಸುತ್ತ ನೋಡಿದೆ, ಕಾಗೆ ಹೊತ್ತುಕೊಂಡು ಹೋಗಿರಬಹುದೇ ಎಂದು ಮಾವಿನ ಮರವನ್ನೂ ನೋಡಿದೆ. ನೀನೇ ಎಲ್ಲೋ ಇಟ್ಟು ಮರೆತಿದ್ದಿ ಎಂದು ಸುಮತಿಗೆ ಸ್ವಲ್ಪ ಜೋರಾಗಿಯೇ ಹೇಳಿದೆ. ಅವಳಿಗೂ ತನ್ನ ಮೇಲೆ ಅನುಮಾನ ಬಂತು. ಕೊನೆಗೆ ಕಪಾಟಿನ ಹೊರಗಿದ್ದ ಹಳೆಯ ಸೀರೆ ಉಟ್ಟು, ಕುತ್ತಿಗೆಗೆ ಕರಿಮಣಿ ಮಾತ್ರ ಹಾಕಿಕೊಂಡು, ಬಸ್ಸು ಹತ್ತಿ ಹೋದಳು. ಮದುವೆಮನೆಯಲ್ಲಿ ಅವಳ ಸ್ಥಾನ ಮದುಮಗಳ ಸೋದರತ್ತೆಯದು ಎಂಬುದನ್ನು ಓದುಗರು ಮರೆಯಬಾರದು. ನಾನು ತರಗತಿಗಳನ್ನು ಬಿಡುವ ಹಾಗಿರಲಿಲ್ಲ, ಹೋಗಲಿಲ್ಲ.

ಮಧ್ಯಾಹ್ನದ ಮೇಲೆ ಸಿಸ್ಟರ್ ಬಂದರು. ಕಬಕದ ಕಡೆ ಒಂದು ಖಾಲಿ ಮೈದಾನ ಉಂಟು, ಅಲ್ಲಿ ಗೇರ್ ಅಭ್ಯಾಸ ಮಾಡಿಸಿ ವಾಪಸು ಬರುವುದು ನಮ್ಮ ಕ್ರಮ. ಎಂದಿನ ಹಾಗೆ ಅವರು ಕ್ಲಚ್ ನೋಡಲು ತಲೆ ಬಗ್ಗಿಸಿದರು. ಎಂದಿನ ಹಾಗೆ ಮೇಲೆ ನೋಡಿ ಎಂದೆ. ಅವರು ನೋಡಲಿಲ್ಲ. ಕಾರನ್ನು ಅಲ್ಲೇ ನಿಲ್ಲಿಸಿ, ನನ್ನ ಕಾಲನ್ನು ನೋಡುತ್ತಾ ಕೇಳಿದರು.

"ಮಾಷ್ಟ್ರೆ, ನಿಮ್ಮ ಶೂ ಎಂತ ಕೆಂಪಾಗಿದೆ?"

ಪುತ್ತೂರಿನಲ್ಲಿ ಯಾರ ಶೂ ಕೆಂಪಾಗಿಲ್ಲ ಸಿಸ್ಟರ್, ಮಣ್ಣೇ ಹಾಗೆ ಎಂದೆ.

"ಮಣ್ಣಾದರೆ ಅಡಿಯಿಂದ ಮೇಲೆ ಬರಬೇಕು. ಇದು ಒಳಗಿಂದ ಹೊರಗೆ ಬಂದದ್ದು. ಶೂ ತೆಗೆಯಿರಿ, ನೋಡುವ."

ನಾನು ನಾಚಿಕೆಯಿಂದ ಬೇಡ ಎಂದೆ. ಅವರು ನಾನು ಹೇಳಿದ್ದು ಕೇಳಿಸಲೇ ಇಲ್ಲ ಎನ್ನುವ ಹಾಗೆ ಇಳಿದು ಈಚೆ ಬಂದು, ನನ್ನ ಬಾಗಿಲು ತೆರೆದು, ಲೇಸು ಬಿಚ್ಚತೊಡಗಿದರು. ಶೂ ಬಂತು. ಒದ್ದೆಯಾದ ಕಾಲುಚೀಲ ಬಂತು. ಕಾಲುಚೀಲದ ಅಡಿಗೆ ಅಂಟಿಕೊಂಡು ಕಪಾಟಿನ ಕೀ ಬಂತು.

ಆ ಕ್ಷಣದಲ್ಲಿ ನನಗೆ ಮೊದಲು ಆದದ್ದು ಸಂತೋಷ. ಸಿಕ್ಕಿತಲ್ಲ ಎಂದು ಗಟ್ಟಿಯಾಗಿ ಹೇಳಿಯೂಬಿಟ್ಟೆ. ಬೆಳಿಗ್ಗೆ ಮೊಳೆಯಿಂದ ಜಾರಿ ಕೆಳಗಿದ್ದ ಶೂವಿನ ಒಳಗೆ ಬಿದ್ದಿರಬೇಕು. ನಾನು ಅದರ ಮೇಲೆಯೇ ನಿಂತು ಅದನ್ನು ಹುಡುಕಿದ್ದೆ. ಅಂಗಾಲಿನಲ್ಲಿ, ಹೆಬ್ಬೆರಳಿನ ಕೆಳಗೆ, ಕೀಯ ಹಲ್ಲುಗಳ ಅಚ್ಚು ಬಿದ್ದು ಚರ್ಮ ಹರಿದಿತ್ತು. ಕಾಲು ನನ್ನದೇ. ಆದರೆ ನೋಡುವಾಗ ಬೇರೆ ಯಾರದೋ ಕಾಲಿಗೆ ಆದ ಗಾಯವನ್ನು ನೋಡಿದ ಹಾಗಿತ್ತು.

ನೋವು ಉಂಟಾ ಎಂದು ಸಿಸ್ಟರ್ ಕೇಳಿದರು. ಸ್ವಲ್ಪವೂ ಇಲ್ಲ ಎಂದು ನಾನು ಧೈರ್ಯಸ್ಥನ ಹಾಗೆ ಹೇಳಿದೆ. "ಇದ್ದಿದ್ದರೆ ಒಳ್ಳೆಯದಿತ್ತು" ಎಂದರು. ಅವರು ನಿವೃತ್ತರಾಗಿದ್ದರೂ ಅವರ ಕೈಚೀಲ ನಿವೃತ್ತವಾಗಿರಲಿಲ್ಲ. ಅದರಿಂದ ಹತ್ತಿ, ಬ್ಯಾಂಡೇಜು ಬಟ್ಟೆ ಹೊರಬಂತು. ಕುಡಿಯುವ ನೀರಿನಲ್ಲಿ ಗಾಯ ತೊಳೆದು ಕಟ್ಟಿದರು. ಶುಗರ್ ಎಷ್ಟು ಕಾಲದಿಂದ ಉಂಟು, ಕಾಲನ್ನು ಯಾವತ್ತಾದರೂ ಡಾಕ್ಟರಿಗೆ ತೋರಿಸಿದ್ದುಂಟಾ ಎಂದು ಕೇಳಿದರು. ರಕ್ತ ತೋರಿಸುತ್ತೇನೆ, ಕಾಲು ಯಾಕೆ ಎಂದೆ. ಅವರು ನನ್ನ ಕಾಲನ್ನು ಎತ್ತಿ, ಡ್ಯಾಶ್‌ಬೋರ್ಡಿನ ಮೇಲೆ ಟವೆಲು ಹಾಸಿ ಅದರ ಮೇಲೆ ಇಟ್ಟರು. ಈ ಕಾಲನ್ನು ನೆಲಕ್ಕೆ ಊರಬಾರದು, ಯಾವ ಪೆಡಲಿಗೂ ಮುಟ್ಟಿಸಬಾರದು, ಈಗ ಸೀದಾ ಆಸ್ಪತ್ರೆಗೆ ಎಂದರು. ಹಾಗಾದರೆ ಕಾರು ಬಿಡುವುದು ಯಾರು ಎಂದು ಕೇಳಿದೆ. ಕೇಳಿ ಮುಗಿಯುವ ಮೊದಲೇ ಅವರು ಸ್ಟಾರ್ಟ್ ಮಾಡಿದ್ದರು.

ಅಲ್ಲಿಯ ತನಕ ಸಿಸ್ಟರ್ ಪುತ್ತೂರು ಪೇಟೆಯೊಳಗೆ ಕಾರು ಓಡಿಸಿದವರಲ್ಲ. ಆ ಪ್ರಯಾಣವನ್ನು ನಾನು ಮರೆಯುವುದು ಸಾಧ್ಯವಿಲ್ಲ. ಕಾಲನ್ನು ಡ್ಯಾಶ್‌ಬೋರ್ಡಿನ ಮೇಲೆ ಚಾಚಿ ಯಾವುದೋ ಊರಿನ ಅರಸನ ಹಾಗೆ ಕೂತ ಡ್ರೈವಿಂಗ್ ಮಾಷ್ಟ್ರು, ಪಕ್ಕದಲ್ಲಿ ಹಲ್ಲು ಕಚ್ಚಿ ಸ್ಟಿಯರಿಂಗ್ ಹಿಡಿದ ಶಿಷ್ಯೆ. ದಾರಿಯಲ್ಲಿ ಹೋಗುವ ಪರಿಚಯದವರೆಲ್ಲ ನನ್ನ ಪಾದಕ್ಕೇ ನಮಸ್ಕಾರ ಮಾಡುವಂತಾಯಿತು. ಬೊಳುವಾರಿನ ಹತ್ತಿರ ಕಾರು ಬಂದ್ ಬಿತ್ತು. ಹಿಂದಿನಿಂದ ಬಸ್ಸಿನವನು ಹಾರ್ನ್ ಹಿಡಿದು ಬಿಡಲೇ ಇಲ್ಲ. ನನ್ನ ಎಡಗಾಲು, ನಾನು ಹೇಳದಿದ್ದರೂ, ಮೆಲ್ಲ ಬ್ರೇಕಿನ ಕಡೆಗೆ ಹರಿಯತೊಡಗಿತು. ಸಿಸ್ಟರ್ ತಲೆ ತಿರುಗಿಸಲೇ ಇಲ್ಲ. "ಕಾಲು ಹಿಂದೆ" ಎಂದರು, ವಾರ್ಡಿನಲ್ಲಿ ರೋಗಿಗೆ ಹೇಳುವ ಸ್ವರದಲ್ಲಿ. ಎಡಗಾಲು ಹಿಂದೆ ಬಂತು. ಮತ್ತೆ ಸ್ಟಾರ್ಟ್ ಮಾಡಿ, ಕ್ಲಚ್ ಬಿಟ್ಟು, ರಿಕ್ಷಾ ಒಂದನ್ನು ತಪ್ಪಿಸಿ, ಆಸ್ಪತ್ರೆಯ ಅಂಗಳದಲ್ಲಿ ಕಾರನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿದರು. ಆಗ ನನಗೆ ಹೊಳೆಯಿತು. ಆ ಇಡೀ ದಾರಿಯಲ್ಲಿ ಅವರು ಒಂದು ಸಲವೂ ಕೆಳಗೆ ನೋಡಿರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬನ ಬ್ರೇಕ್ ಇಲ್ಲ ಎಂದು ಗೊತ್ತಾದ ಮೇಲೆ ಅವರ ಕಾಲಿಗೆ ತನ್ನ ಬ್ರೇಕಿನ ಜಾಗ ಗೊತ್ತಾಗಿರಬೇಕು. ಇಷ್ಟು ವರ್ಷ ಕಲಿಸಿದವನಿಗೆ ಇದು ಯಾಕೆ ತಿಳಿದಿರಲಿಲ್ಲ ಎಂದು ನಾನು ಈಗಲೂ ಯೋಚಿಸುವುದುಂಟು.

ಡಾಕ್ಟರ್ ಚಿಕ್ಕ ಪ್ರಾಯದ ಹೆಂಗಸು. ಗಾಯ ಶುಚಿ ಮಾಡಿ, ಆಳಕ್ಕೆ ಹೋಗಿಲ್ಲ, ಸಮಯಕ್ಕೆ ಬಂದಿರಿ ಎಂದರು. ಆಮೇಲೆ ಗಾಳದ ನೂಲಿನಂಥ ಒಂದು ದಾರವನ್ನು ಹಿಡಿದು, ಕಣ್ಣು ಮುಚ್ಚಿಕೊಳ್ಳಿ, ಪಾದಕ್ಕೆ ಮುಟ್ಟಿಸಿದಾಗ ಹೌದು ಎನ್ನಿ ಎಂದರು. ಪರೀಕ್ಷೆ ಎಂದ ಮೇಲೆ ಪಾಸಾಗಬೇಕು ಎಂಬ ಹುಚ್ಚು ನನಗೆ ಮೊದಲಿನಿಂದಲೂ ಉಂಟು. ಮೊದಲು ಎಡಗಾಲು. ಎರಡು ಸಲ ಗೊತ್ತಾಯಿತು, ಹೌದು ಎಂದೆ. ಬಲಗಾಲಿಗೆ ಬಂದಾಗ ಏನೂ ಗೊತ್ತಾಗಲಿಲ್ಲ. ಇಷ್ಟು ಹೊತ್ತಿಗೊಮ್ಮೆ ಮುಟ್ಟಿಸುತ್ತಾರೆ ಎಂದು ಅಂದಾಜು ಹಾಕಿ, ತಾಳಕ್ಕೆ ಸರಿಯಾಗಿ ಹೌದು, ಹೌದು ಎನ್ನತೊಡಗಿದೆ. ಕೋಣೆ ಸದ್ದಿಲ್ಲದಾಯಿತು. ಕಣ್ಣು ತೆರೆದು ನೋಡಿದರೆ ಡಾಕ್ಟರ್ ಆಚೆ ಮೇಜಿನ ಹತ್ತಿರ ಚೀಟಿ ಬರೆಯುತ್ತಿದ್ದರು. "ನಾನು ಮುಟ್ಟದೆ ಸುಮಾರು ಹೊತ್ತಾಯಿತು" ಎಂದರು, ನಗದೆ.

ಮತ್ತೆ ಅವರು ಕವಲಾದ ಒಂದು ಕಬ್ಬಿಣದ ಕಡ್ಡಿ ತಂದರು. ಅದನ್ನು ತಟ್ಟಿ ಮೊದಲು ನನ್ನ ಕೈಯ ಗಂಟಿಗೆ ಇಟ್ಟಾಗ ಜೇನುಹುಳು ಹಿಡಿದ ಹಾಗೆ ಗುಂಯ್ ಎಂದಿತು. ಎಡಗಾಲಿನ ಹೆಬ್ಬೆರಳಿಗೆ ಇಟ್ಟಾಗ ಅದೇ ಹುಳು ಪಕ್ಕದ ಕೋಣೆಯಲ್ಲಿ ಇದ್ದ ಹಾಗೆ. ಬಲಗಾಲಿಗೆ ಇಟ್ಟಾಗ ಹುಳುವೇ ಇಲ್ಲ. ಕಡ್ಡಿ ನಡುಗುವುದು ಕಣ್ಣಿಗೆ ಕಾಣುತ್ತಿತ್ತು. ಇದು ನನಗೆ ಎಷ್ಟು ಸೋಜಿಗವಾಯಿತು ಎಂದರೆ, ಇನ್ನೊಮ್ಮೆ ಇಡಿ, ಸ್ವಲ್ಪ ಮೇಲೆ ಇಡಿ, ಎಲ್ಲಿಂದ ಗೊತ್ತಾಗುತ್ತದೆ ನೋಡುವ ಎಂದು ನಾನೇ ಕೇಳಿಕೊಂಡೆ. ಕಣಕಾಲಿನ ಗಂಟಿನ ಹತ್ತಿರ ಗುಂಯ್ ಎಂಬುದು ಸಣ್ಣಗೆ ಶುರುವಾಯಿತು. ನನ್ನ ಮೈಯೆಂಬ ಊರಿನ ಗಡಿ ಅಷ್ಟು ಮೇಲೆ ಬಂದು ನಿಂತದ್ದು ನನಗೆ ತಿಳಿದೇ ಇರಲಿಲ್ಲ. ಸಕ್ಕರೆ ಹೆಚ್ಚಾಗಿ ನರಗಳು ಸೋತರೆ ಹೀಗಾಗುತ್ತದೆ, ಜುಮ್ ಎನ್ನುವುದು ನಿಂತದ್ದು ಗುಣವಾದದ್ದಲ್ಲ, ಹೇಳುವವನೇ ಮಲಗಿದ್ದು ಎಂದು ಅವರು ವಿವರಿಸಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ಕಾರು ಕಲಿಸುವವರು ಅಂದ್ರಲ್ಲ. ಬ್ರೇಕಿನ ಮೇಲೆ ಕಾಲು ಇದ್ದದ್ದು ನಿಮಗೆ ಹೇಗೆ ಗೊತ್ತಾಗ್ತದೆ?"

ಯೋಚಿಸಿ ನೋಡಿದರೆ, ಕಾರು ನಿಧಾನವಾದಾಗ ಬ್ರೇಕ್ ಒತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಎಷ್ಟು ದಿನದಿಂದ ಹೀಗೆ ಎಂಬುದೂ ಗೊತ್ತಿಲ್ಲ. ನನ್ನ ಪಕ್ಕದಲ್ಲಿ ಕೂತು ಕಲಿತವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಕಾಲೇಜಿನ ಹುಡುಗಿಯರು, ಬಾಣಂತನ ಮುಗಿಸಿ ಬಂದವರು, ಮಗನ ಕಾರು ಕಲಿಯಲು ಬಂದ ಮುದುಕರು. ಅವರೆಲ್ಲ ಮಾಷ್ಟ್ರ ಕಾಲನ್ನು ನಂಬಿದ್ದರು. ಸಿಸ್ಟರ್ ನನ್ನ ಹೆಗಲಿನ ಮೇಲೆ ಒಮ್ಮೆ ಕೈ ಇಟ್ಟು ತೆಗೆದರು.

ಸಂಜೆ ಸುಮತಿ ಮದುವೆಯಿಂದ ಬಂದಾಗ ನಾನು ಕಾಲು ಎತ್ತಿಟ್ಟುಕೊಂಡು ಚಾವಡಿಯಲ್ಲಿ ಕೂತಿದ್ದೆ, ಕೀ ಮೇಜಿನ ಮೇಲಿತ್ತು. ಅವಳು ಎಲ್ಲಿತ್ತು ಎಂದು ಕೇಳಿದಳು. ಹೇಳಿದೆ. ಬೆಳಗಿನ ನನ್ನ ಜೋರಿಗೆಲ್ಲ ಈಗ ಬಡ್ಡಿ ಸಮೇತ ಸಿಗುತ್ತದೆ ಎಂದು ತಯಾರಾಗಿ ಕೂತಿದ್ದೆ. ಅವಳು ಕೀಯನ್ನು ಕೈಗೆ ತೆಗೆದುಕೊಂಡು, ಅದರ ಹಲ್ಲುಗಳನ್ನು ಬೆರಳಿನಿಂದ ಸವರಿ ನೋಡಿದಳು. ತನ್ನ ಅಂಗೈಗೆ ಒತ್ತಿ ನೋಡಿದಳು.

"ಇಷ್ಟು ಚೂಪು ಇರುವುದು ಬೆಳಗಿಂದ ಕಾಲಡಿಯಲ್ಲಿ ಇದ್ದು ನಿಮಗೆ ಗೊತ್ತೇ ಆಗ್ಲಿಲ್ವಾ?"

ಇಲ್ಲ ಎಂದೆ. ಅವಳು ಸರದ ವಿಷಯ ಎತ್ತಲೇ ಇಲ್ಲ. ಅದು ನನಗೆ ಬೈಗುಳಕ್ಕಿಂತ ಭಾರವಾಯಿತು.

ಮುಂದಿನ ವಾರಗಳು ಕಾಲಿನ ವಿದ್ಯಾಭ್ಯಾಸದವು. ಗಾಯ ಮಾಯುವ ತನಕ ಆ ಕಾಲಿನ ಮೇಲೆ ಭಾರ ಹಾಕಬಾರದು. ಮಾದ ಮೇಲೂ ಬರಿಗಾಲಲ್ಲಿ ಓಡಾಡಬಾರದು, ಮನೆಯೊಳಗೂ ಕೂಡ. ದಿನಾ ಪಾದವನ್ನು ಎರಡೂ ಕಡೆ ನೋಡಬೇಕು, ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಬೇಕು. ತೊಳೆದ ಮೇಲೆ ಬೆರಳ ಸಂದು ಒರಸಬೇಕು. ಬಿಸಿನೀರಿನಲ್ಲಿ ಕಾಲು ಇಡಬಾರದು, ಸುಟ್ಟರೂ ತಿಳಿಯುವುದಿಲ್ಲ. ಅಂಗಾಲಿನ ಆಣಿಯನ್ನು ಬ್ಲೇಡಿನಲ್ಲಿ ಕೆತ್ತಬಾರದು. ಚಪ್ಪಲಿಯೋ ಶೂವೋ ಹಾಕುವ ಮೊದಲು ಕವುಚಿ ಕೊಡವಿ, ಒಳಗೆ ಕೈ ಹಾಕಿ ನೋಡಬೇಕು. ಇಷ್ಟೆಲ್ಲ ನಿಯಮಗಳು ಕಾರಿಗೂ ಇಲ್ಲ.

ಇದರಲ್ಲಿ ಮನೆಯೊಳಗೆ ಚಪ್ಪಲಿ ಎಂಬುದು ನಮ್ಮ ಮನೆಯ ದೊಡ್ಡ ಸಮಸ್ಯೆಯಾಯಿತು. ಸುಮತಿ ನೆಲ ಒರಸಿದ ಮೇಲೆ ಗಾಳಿ ಕೂಡ ತುದಿಗಾಲಲ್ಲಿ ಬರಬೇಕು. ಅವಳು ಬಹಳ ಯೋಚಿಸಿ ತೀರ್ಪು ಕೊಟ್ಟಳು. ಒಳಗೆ ಹಾಕುವ ಜೋಡಿ ಹೊಸಿಲು ದಾಟಿ ಹೊರಗೆ ಹೋಗಬಾರದು, ಹೊರಗಿನದು ಒಳಗೆ ಬರಬಾರದು. ದೇವರ ಕೋಣೆಯಲ್ಲಿ ದಪ್ಪ ಚಾಪೆ, ಅಲ್ಲಿ ಕೂತು ಕೈ ಮುಗಿದರೆ ಸಾಕು, ದೇವರಿಗೂ ಶುಗರಿನ ವಿಷಯ ಗೊತ್ತಿರುತ್ತದೆ ಎಂದಳು.

ಚಪ್ಪಲಿ ಕೊಳ್ಳಲು ಗಾಯ ಮಾದ ಮೇಲೆ ಸಿಸ್ಟರೇ ಜೊತೆಗೆ ಬಂದರು. ಸಾಯಂಕಾಲವೇ ಹೋಗಬೇಕು, ಆಗ ಕಾಲು ಸ್ವಲ್ಪ ಊದಿ ಅದರ ನಿಜವಾದ ಅಳತೆ ಸಿಗುತ್ತದೆ ಎಂದರು. ಹೋಗುವ ಮೊದಲು ಮನೆಯಲ್ಲಿ ಕಾಗದದ ಮೇಲೆ ನನ್ನನ್ನು ನಿಲ್ಲಿಸಿ ಪೆನ್ಸಿಲಿನಲ್ಲಿ ಪಾದದ ಸುತ್ತ ಗೆರೆ ಎಳೆದರು. ಆ ಗೆರೆಯ ಮೇಲೆ ನನ್ನ ಗತ್ತಿನ ಬಿಳಿ ಶೂ ಇಟ್ಟು ನೋಡಿದರೆ ಪಾದ ಎರಡೂ ಬದಿಯಲ್ಲಿ ಶೂವಿನ ಹೊರಗೆ ಚಾಚಿಕೊಂಡಿತ್ತು. ಇಷ್ಟು ವರ್ಷ ಐದು ಬೆರಳು ಮೂರು ಬೆರಳಿನ ಮನೆಯಲ್ಲಿ ಬಾಡಿಗೆಗೆ ಇದ್ದವು. ಒಂದಕ್ಕಾದರೂ ದೂರು ಹೇಳುವ ಶಕ್ತಿ ಇರಲಿಲ್ಲ. ಅಂಗಡಿಯಲ್ಲಿ ಸಿಕ್ಕಿದ್ದು ಶುಗರಿನವರಿಗೆಂದೇ ಮಾಡುವ ಎಂ.ಸಿ.ಆರ್. ಎಂಬ ಮೆತ್ತನೆ ರಬ್ಬರಿನ ಚಪ್ಪಲಿ. ಒತ್ತಿದರೆ ಇಡ್ಲಿಯ ಹಾಗೆ ತಗ್ಗುವ ಮೆತ್ತನೆಯ ಒಳ ಅಟ್ಟೆ, ಕೆಳಗೆ ಗಟ್ಟಿ ಅಟ್ಟೆ, ಅಗಲ ಮೂತಿ, ಹಿಂದೆ ಹಿಮ್ಮಡಿಗೆ ಪಟ್ಟಿ. ಬೆರಳ ಸಂದಿನಲ್ಲಿ ಕಡ್ಡಿ ಇಲ್ಲ. ಚಂದ ಎಂದು ಹೇಳುವ ಹಾಗಿಲ್ಲ. ಎರಡು ದೋಣಿಗಳನ್ನು ಕಾಲಿಗೆ ಕಟ್ಟಿಕೊಂಡ ಹಾಗೆ ಇತ್ತು. ಇದು ಕಾಲಿಗೆ, ಫೋಟೋಕ್ಕಲ್ಲ ಎಂದು ಸಿಸ್ಟರ್ ಹೇಳಿದರು.

ಗಾಯ ಮಾದರೂ ಡಾಕ್ಟರ್ ಬ್ರೇಕಿನ ಸೀಟಿಗೆ ಒಪ್ಪಿಗೆ ಕೊಡಲಿಲ್ಲ. ಬಲಗಾಲಿನ ಹೆಬ್ಬೆರಳಿನ ಬುಡ ಆಗಲೂ ಮೌನವಾಗಿಯೇ ಇತ್ತು. ನಾನೂ ವಾದಿಸಲಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ನನ್ನ ಜೊತೆಗಾರನಾದ ಉಮೇಶ ಈಗ ಪಕ್ಕದ ಸೀಟಿನಲ್ಲಿ ಕೂರುತ್ತಾನೆ. ನಾನು ರಸ್ತೆಯ ಚಿಹ್ನೆ, ನಿಯಮಗಳ ಪಾಠ ಮಾಡುತ್ತೇನೆ, ಮೈದಾನದ ಬದಿಯಲ್ಲಿ ನಿಂತು ಕೈ ಬೀಸುತ್ತೇನೆ. ಮೊದಲ ದಿನ ನಮ್ಮ ಕಾರು ನಾನಿಲ್ಲದೆ ಗೇಟು ದಾಟಿ ಹೋದಾಗ ನನ್ನ ಬಲಗಾಲು ಇದ್ದಲ್ಲೇ ನೆಲವನ್ನು ಒತ್ತಿತು. ಸುಮತಿ ಅದನ್ನು ನೋಡಿ, ಒಳಗೆ ಬನ್ನಿ, ಚಹಾ ಆಗಿದೆ ಎಂದು ಕರೆದಳು. ಸಿಸ್ಟರ್ ಪರೀಕ್ಷೆಯಲ್ಲಿ ಪಾಸಾದರು. ಈಗ ಗಂಡನನ್ನು ಕೂರಿಸಿಕೊಂಡು ನೆಲ್ಯಾಡಿಯಿಂದ ತಾವೇ ಬರುತ್ತಾರೆ. ಬಂದಾಗ ನಮ್ಮ ಮನೆಯಲ್ಲಿ ಇಳಿದು ಮೊದಲು ಕೇಳುವುದು ನನ್ನ ಕ್ಷೇಮವನ್ನಲ್ಲ, ಕಾಲಿನದ್ದನ್ನು.

ಇಷ್ಟೆಲ್ಲ ಕಲಿತವನು ಸುಮ್ಮನಿರುವುದು ಹೇಗೆ? ನಾನು ಸಿಕ್ಕಿದವರ ಕಾಲು ನೋಡತೊಡಗಿದೆ. ಮೊನ್ನೆ ಕಡಬಕ್ಕೆ ಹೋಗಲು ಉಪ್ಪಿನಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ನನ್ನದೇ ಪ್ರಾಯದ ಒಬ್ಬರು ತೆಳ್ಳಗೆ ಸವೆದ ರಬ್ಬರ್ ಚಪ್ಪಲಿ ಹಾಕಿ ಕೂತಿದ್ದರು. ಶುಗರ್ ಉಂಟಾ ಎಂದು ಕೇಳಿದೆ. ಉಂಟು ಎಂದರು. ನನಗೆ ಅಷ್ಟೇ ಸಾಕಿತ್ತು. ನರಗಳಿಂದ ಶುರು ಮಾಡಿ, ದಾರದ ಪರೀಕ್ಷೆ, ಕಡ್ಡಿಯ ಗುಂಯ್, ಸಂಜೆಯ ಅಳತೆ ಎಲ್ಲ ಹೇಳಿದೆ. ಎಲ್ಲಕ್ಕಿಂತ ಮುಖ್ಯ ದಿನಾ ನಮ್ಮ ಕಾಲನ್ನು ನಾವೇ ಕಣ್ಣಿಟ್ಟು ನೋಡುವುದು, ಕಾಲು ಹೇಳುತ್ತದೆ ಎಂದು ಕಾಯಬಾರದು ಎಂದು ಒತ್ತಿ ಹೇಳಿದೆ. ಅವರು ಬಹಳ ವಿನಯದಿಂದ, ತಲೆ ತಗ್ಗಿಸಿಕೊಂಡೇ ಕೇಳುತ್ತಿದ್ದರು. ಇಂಥ ಶ್ರೋತೃ ಸಿಗುವುದು ಅಪರೂಪ ಎಂದು ನನಗೆ ಖುಷಿಯಾಯಿತು. ಮಾತು ಮುಗಿದ ಮೇಲೆ ಅವರು ಸ್ವಲ್ಪ ಸಂಕೋಚದಿಂದ ಹೇಳಿದರು.

"ನೀವು ಹೇಳುದು ಎಲ್ಲ ಸರಿ ಮಾರಾಯ್ರೆ. ಆದ್ರೆ ನಿಮ್ಮ ಎಡದ್ದು ಬಲಕ್ಕೆ ಹೋಗಿದೆ, ಬಲದ್ದು ಎಡಕ್ಕೆ."

ಕೆಳಗೆ ನೋಡಿದೆ. ಎರಡು ದೋಣಿಗಳೂ ಒಂದಕ್ಕೊಂದು ಬೆನ್ನು ಹಾಕಿ ಬೇರೆ ಬೇರೆ ಊರಿಗೆ ಹೊರಟ ಹಾಗಿದ್ದವು. ಮನೆಯಿಂದ ಬಸ್‌ಸ್ಟ್ಯಾಂಡಿಗೆ, ಅಲ್ಲಿಂದ ಉಪ್ಪಿನಂಗಡಿಗೆ ಹಾಗೆಯೇ ಬಂದಿದ್ದೆ. ಅಲ್ಲೇ ಬೆಂಚಿನ ಮೇಲೆ ಕೂತು ಪಟ್ಟಿ ಬಿಚ್ಚಿ ಬದಲಾಯಿಸಿಕೊಂಡೆ. ಅವರು ನನ್ನ ಚೀಲ ಹಿಡಿದುಕೊಂಡು ನಿಂತು, ಇದು ಯಾವ ಅಂಗಡಿಯಲ್ಲಿ ಸಿಗ್ತದೆ ಎಂದು ವಿಚಾರಿಸಿದರು.